ಮಿಸ್ತ್ರಿಯ ಕಿವಿ, ನನ್ನ ಸೆರಗು

ಗ್ಯಾರೇಜಿನವನ ಹೆಂಡತಿ ನಗೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಕೆಟ್ಟು ನಿಂತ ಕಾರಿನ ಹಿಂದೆ ಅದೂ ಹಗ್ಗ ಕಟ್ಟಿಸಿಕೊಂಡು ಮನೆಬಾಗಿಲಿಗೆ ಬರುತ್ತದೆ. ಒಂದೇ ತೊಂದರೆಯೆಂದರೆ, ನಗು ಬರುವ ಮೊದಲು ಎದೆ ಹೊಡೆದುಕೊಳ್ಳುತ್ತದೆ. ಎಷ್ಟೋ ಸಲ ನಾನು ನಕ್ಕಿದ್ದು ಎರಡು ದಿನ ಬಿಟ್ಟು.

ನಾನು ಹುಟ್ಟಿದ್ದು ಕೋಲಾರದ ಕಡೆ. ಇವರು ಅಲ್ಲಿನ ಒಂದು ವರ್ಕ್‌ಶಾಪಿಗೆ ಕೆಲಸ ಕಲಿಯಲು ಬಂದವರು, ಕೆಲಸದ ಜೊತೆಗೆ ನನ್ನನ್ನೂ ಕಟ್ಟಿಕೊಂಡು ಇಳಕಲ್ಲಿಗೆ ಮರಳಿದರು. ಅಂದಿನಿಂದ ಹುನಗುಂದ ರಸ್ತೆಯ ಬದಿಗೆ ಮುಂದೆ ಗ್ಯಾರೇಜು, ಹಿಂದೆ ಮನೆ. ನನ್ನ ಮಾತಿನಲ್ಲಿ ಇನ್ನೂ ಕೋಲಾರ ಇಣುಕುತ್ತದೆ ಎಂದು ಇಲ್ಲಿಯವರು ಆಡಿಕೊಳ್ಳುತ್ತಾರೆ. ಕೋಲಾರಕ್ಕೆ ಹೋದರೆ ಅಲ್ಲಿಯವರು, "ಯಾರಮ್ಮ ಇದು, ಬಿಜಾಪುರದ ಕಡೆಯವರಾ?" ಎನ್ನುತ್ತಾರೆ. ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ಇಲ್ಲಿಯವಳಾಗಿದ್ದೇನೆ. ಹಿರಿಯರು ಎದುರಿಗೆ ಬಂದರೆ ನನ್ನ ಕೈ ನನ್ನನ್ನು ಕೇಳದೆ ಸೆರಗನ್ನು ತಲೆಯ ಮೇಲೆ ಎಳೆದುಬಿಡುತ್ತದೆ. ತವರಿನಲ್ಲಿ ಈ ಪದ್ಧತಿ ಇರಲಿಲ್ಲ, ಅತ್ತೆ ಕಲಿಸಿದ್ದು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ಕೈ ಮಾತ್ರ ಇನ್ನೂ ಅವರಿಗೆ ಹೆದರುತ್ತದೆ. ಗ್ಯಾರೇಜಿನ ಮಾನ ತೆಗೆಯಲು ಹೊರಟಿದ್ದು ಈ ಕೈಯೇ.

ಕುಕ್ಕರ್ ಇಟ್ಟಿರಲಿಲ್ಲ

ಎಂಜಿನ್ನಿನಲ್ಲಿ ದಮ್ಮಿಲ್ಲ ಎಂದು ಯಾರಾದರೂ ಕಾರು ತಂದರೆ ಇವರು ಮೊದಲು ಲೀಕ್ ಟೆಸ್ಟ್ ಮಾಡುತ್ತಾರೆ. ಸಿಲಿಂಡರಿನ ಪ್ಲಗ್ ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿಗೆ ಪೈಪು ಸಿಕ್ಕಿಸಿ ಕಂಪ್ರೆಸರಿನಿಂದ ಗಾಳಿ ಬಿಡುವುದು. ಒಳಗೆ ಹೋದ ಗಾಳಿ ಅಲ್ಲೇ ನಿಂತರೆ ಸಿಲಿಂಡರ್ ಗಟ್ಟಿ. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ ಎಂದು ಮೀಟರ್ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಅದನ್ನು ಕಿವಿ ಹೇಳಬೇಕು. ಸೈಲೆನ್ಸರಿನಲ್ಲಿ ಸುಸ್ಸೆಂದರೆ ಹೊಗೆ ಹೋಗುವ ಕಡೆಯ ವಾಲ್ವ್ ಹಾಳಾಗಿದೆ. ಏರ್ ಫಿಲ್ಟರಿನಲ್ಲಿ ಎಂದರೆ ಗಾಳಿ ಬರುವ ಕಡೆಯ ವಾಲ್ವ್. ಆಯಿಲ್ ಹಾಕುವ ಬಾಯಿಯಲ್ಲಿ ಎಂದರೆ ರಿಂಗು. ರೇಡಿಯೇಟರಿನ ನೀರಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಅದಕ್ಕೆ ಕಣ್ಣು ಸಾಕು. ಕಂಪ್ರೆಸರಿನ ಗುಂಡಿ ಒತ್ತುವುದು ಮೊದಲಿನಿಂದಲೂ ನನ್ನ ಕೆಲಸ.

ಅವತ್ತು ಕಮತಗಿಯ ನಿವೃತ್ತ ಹೆಡ್‌ಮಾಸ್ತರರ ಕಾರು. ನಾನು ಗಾಳಿ ಬಿಟ್ಟು, ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಸುಸ್ಸೆಂದು ಸಪ್ಪಳ ಬರತೊಡಗಿತು. ಕುಕ್ಕರ್ ಕೂಗಲಿಕ್ಕೆ ಬಂತೇನೋ ಎಂದು ಒಳಗೆ ಓಡಿದೆ. ಕುಕ್ಕರ್ ಇಟ್ಟೇ ಇರಲಿಲ್ಲ. ಹೊರಗೆ ಬಂದು ನೋಡಿದರೆ ಸಪ್ಪಳ ಸೈಲೆನ್ಸರಿನಿಂದ ಬರುತ್ತಿದೆ, ಇವರು ಸೈಲೆನ್ಸರಿಗೆ ಕಿವಿ ಹಚ್ಚಿ ಕೂತು ತಲೆಯಾಡಿಸುತ್ತಿದ್ದಾರೆ.

"ಇಲ್ಲೇನೂ ಇಲ್ರಿ ಮಾಸ್ತರ್ರ" ಎಂದರು. ಏರ್ ಫಿಲ್ಟರಿಗೆ ಹೋದರು. "ಇಲ್ಲೂ ಇಲ್ಲ." ಆಯಿಲ್ ಬಾಯಿಗೆ ಹೋದರು. ಹಣೆಯಲ್ಲಿ ಬೆವರು ಬಂತು. "ಮೀಟರ್ ಕೆಟ್ಟಿರಬೇಕ್ರಿ."

"ಮೊನ್ನೆ ತಂದ ಹೊಸಾ ಮೀಟರ್ ಅಂದ್ರಲ್ಲ?" ಎಂದರು ಮಾಸ್ತರರು.

ಆಗ ನನಗೆ ಹೊಳೆಯಿತು. ಗಟ್ಟಿಯಾಗಿ ಆಡಿದ ಮಾತೆಲ್ಲ ಇವರಿಗೆ ಕೇಳುತ್ತಿತ್ತು. ಸಣ್ಣ ಸಪ್ಪಳ ಯಾವಾಗಲೋ ಬಿಟ್ಟುಹೋಗಿದೆ, ನಮಗೆ ಗೊತ್ತೇ ಆಗಿಲ್ಲ. ಕಿವಿಯಿಂದಲೇ ಹೆಸರು ಮಾಡಿದ ಮನುಷ್ಯ! ಚಹಾದ ಕಪ್ಪು ಹಿಡಿದುಕೊಂಡು ಹತ್ತಿರ ಹೋಗಿ, "ಸೈಲೆನ್ಸರ್‌ನಲ್ಲಿ ಬರ್ತಿದೆ ರೀ" ಎಂದು ಪಿಸುಗುಟ್ಟಿದೆ.

"ಆಂ?"

ಇನ್ನೊಮ್ಮೆ ಪಿಸುಗುಟ್ಟಿದೆ.

"ಏನಂದಿ?"

ಕಿವಿ ಮಂದವಾದವರ ಗುಟ್ಟನ್ನು ಅವರಿಗೇ ಪಿಸುಗುಟ್ಟಿ ಹೇಳುವುದು ಹೇಗೆ? ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ, ಅಷ್ಟು ದೂರ ನಿಂತಿದ್ದ ಮಾಸ್ತರರು ಕೂಗಿ ಹೇಳಿದರು:

"ಮಿಸ್ತ್ರಿ, ಅಕ್ಕಾರು ಸೈಲೆನ್ಸರ್ ನೋಡ್ರಿ ಅಂತಾರ್ರಿ!"

ಸೆರಗಿನ ಭಾಷೆ

ಮಾಸ್ತರರು ಹೋದ ಮೇಲೆ ಇವರನ್ನು ಕೇಳಿದೆ. "ಕಿವಿಗೆ ಮಷಿನ್ ಹಾಕಿಸ್ಕೊಳ್ಳಿ. ಬಾಗಲಕೋಟೆಯಲ್ಲಿ ದವಾಖಾನಿ ಇಲ್ವಾ?"

ಇವರು ಕೆರಳಿದರು. "ಮಿಸ್ತ್ರಿ ಕಿವ್ಯಾಗ ಮಷಿನ್ ಇಟ್ಕೊಂಡು ನಿಂತ್ರ ಯಾರ್ ಕಾರ್ ತರ್ತಾರ? ಕ್ಷೌರದಂವ ಕೈ ನಡಗಸ್ಕೊಂತ ಕತ್ತಿ ಹಿಡಿದ್ರ ನೀ ಅಂವನ ಮುಂದ ಕುಂಡ್ರಸ್ತಿಯೇನು ನನ್ನ? ಗೊತ್ತಾದ ದಿನಾನ ಗ್ಯಾರೇಜ್ ಮುಗೀತು." ಆಮೇಲೆ ದನಿ ತಗ್ಗಿಸಿ, "ಗ್ಯಾರೇಜ್ ಮುಗದ್ರ ನಾನೂ ಮುಗದಂಗ" ಎಂದರು. ಆ ಮಾತು ನನಗೆ ನಾಟಿತು.

ಸರಿ, ಇವರ ಕೈ, ನನ್ನ ಕಿವಿ ಎಂದು ಒಪ್ಪಂದವಾಯಿತು. ಗಿರಾಕಿಯ ಎದುರಿಗೆ ನಾನು ಬಾಯಿ ಬಿಡುವಂತಿಲ್ಲ, ಆದ್ದರಿಂದ ಸೆರಗೇ ಮಾತಾಡಬೇಕು. ಸೈಲೆನ್ಸರಿನಲ್ಲಿ ಸಪ್ಪಳ ಬಂದರೆ ತಲೆಯ ಮೇಲೆ ಸೆರಗು. ಏರ್ ಫಿಲ್ಟರ್ ಆದರೆ ಮೂಗಿಗೆ. ರಿಂಗಾದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು. ಏನೂ ಇಲ್ಲದಿದ್ದರೆ ಸುಮ್ಮನೆ ಕೈ ಒರೆಸಿಕೊಳ್ಳುವುದು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಇಳಕಲ್ ಪೇಟೆಯ ಸೀರೆ ಅಂಗಡಿಯವರು ತಮ್ಮ ಕಾರು ತಂದರು. ಬೇರೆ ಗಿರಾಕಿಗಳು ಎಂಜಿನ್ ನೋಡುತ್ತಾರೆ. ಈ ಅಂಗಡಿಯವರು ಹುಟ್ಟಿದಾಗಿನಿಂದ ಸೆರಗು ನೋಡಿಕೊಂಡು ಬೆಳೆದವರು, ಕಣ್ಣು ನನ್ನ ಮೇಲೆಯೇ. ಒಂದನೇ ಸಿಲಿಂಡರಿಗೆ ಗಾಳಿ ಬಿಟ್ಟೆವು. ಸೊಂಟಕ್ಕೆ ಸಿಕ್ಕಿಸಿದೆ. ಅವರ ಕಣ್ಣು ಸೊಂಟಕ್ಕೆ ಬಂತು. ಎರಡನೆಯದಕ್ಕೆ ಬಿಚ್ಚಿ ತಲೆಯ ಮೇಲೆ ಹೊದ್ದೆ. ಕಣ್ಣು ತಲೆಗೆ ಹೋಯಿತು. ಮೂರನೆಯದಕ್ಕೆ ಮೂಗು. ಹುಬ್ಬು ಗಂಟಿಕ್ಕಿತು. ಆ ಹಾಳು ಎಂಜಿನ್ನಿನಲ್ಲಿ ಸೋರದ ಜಾಗವೇ ಇರಲಿಲ್ಲ. ನಾಲ್ಕನೆಯದಕ್ಕೆ ಪುನಃ ಸೊಂಟ. ಅವರು ಗಲ್ಲ ಕೆರೆದುಕೊಳ್ಳುತ್ತ ನಾಲ್ಕು ಹೆಜ್ಜೆ ಮುಂದೆ ಬಂದರು. ಸಿಕ್ಕಿಬಿದ್ದೆವು ಎಂದುಕೊಂಡೆ. ಇವರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

"ಅಕ್ಕಾರ, ಒಂದ್ ಮಾತ್ ಕೇಳ್ಲ್ಯಾ, ಬ್ಯಾಸರಾ ಮಾಡ್ಕೋಬ್ಯಾಡ್ರಿ."

"ಕೇಳ್ರಿ" ಎಂದೆ.

"ಈ ಸೀರಿ ಯಾವ ಅಂಗಡ್ಯಾಗ ತಗೊಂಡ್ರಿ? ಒಂದ್ ಕಡೆ ಸೆರಗು ನಿಲ್ಲವಲ್ದು. ನಮ್ಮಲ್ಲಿ ಬರ್ರಿ, ದಡಿ ದೊಡ್ಡದು, ಸೆರಗು ಕೆಂಪಂದ್ರ ಕೆಂಪು. ಎಷ್ಟ್ ದೂರದಿಂದ ನೋಡಿದ್ರೂ ಕಾಣ್ತೈತಿ."

ಸೋದರಮಾವ

ಇವರ ಸೋದರಮಾವ ಹುನಗುಂದದಲ್ಲಿದ್ದಾರೆ. ವಯಸ್ಸು ತೊಂಬತ್ತಕ್ಕೆ ಹತ್ತಿರ, ಕಿವಿ ಇಪ್ಪತ್ತರದು. ಮರ್ಯಾದೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮದುವೆಯ ಹೊಸದರಲ್ಲಿ ನಾನು ತಲೆಯ ಮೇಲೆ ಸೆರಗಿಲ್ಲದೆ ಅವರಿಗೆ ನೀರು ಕೊಟ್ಟೆನೆಂದು ನೀರನ್ನೇ ಕುಡಿಯದೆ ಹೋದವರು.

ಒಂದು ದಿನ ಹುನಗುಂದದ ಗೊಬ್ಬರದಂಗಡಿಯವನ ಕಾರಿಗೆ ಗಾಳಿ ಬಿಟ್ಟು ನಿಂತಿದ್ದೆವು. ಗಿರಾಕಿಗೆ ಮೊದಲೇ ಅನುಮಾನ. "ಬಾಗಲಕೋಟ್ಯಾಗ ಕಂಪ್ಯೂಟರ್ ಹಚ್ಚಿ ನೋಡ್ತಾರಂತ. ನೀವ್ ಹೇಳೂದು ತಪ್ಪಾತಂದ್ರ ಅಲ್ಲೇ ಒಯ್ಯಾವ ನಾ" ಎಂದು ಬಂದಾಗಲೇ ಹೇಳಿದ್ದ. ಸಪ್ಪಳ ಬಂದದ್ದು ಆಯಿಲ್ ಬಾಯಿಯಲ್ಲಿ. ಅಂದರೆ ರಿಂಗು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ತುದಿ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಗೇಟಿನಲ್ಲಿ ಸೋದರಮಾವನ ಕೋಲಿನ ಸಪ್ಪಳ. ಸೊಂಟಕ್ಕೆ ಹೋಗುತ್ತಿದ್ದ ಕೈ ಸೀದಾ ತಲೆಗೆ ಹೋಯಿತು.

"ಸೈಲೆನ್ಸರ್ ಕಡಿ ವಾಲ್ವ್!" ಎಂದರು ಇವರು. "ಹೆಡ್ ಇಳಸಬೇಕ್ರಿ."

ಇಲ್ಲದ ರೋಗಕ್ಕೆ ಎಂಜಿನ್ನಿನ ಹೊಟ್ಟೆ ಬಿಚ್ಚುವುದೆಂದರೆ! ಗಾಬರಿಯಲ್ಲಿ ಸೆರಗು ಜಗ್ಗಿ ಸೊಂಟಕ್ಕೆ ಸಿಕ್ಕಿಸಿದೆ.

"ತಡೀರಿ, ತಡೀರಿ. ರಿಂಗೂ ಹೋಗ್ಯಾವು" ಎಂದರು ಇವರು.

ಸೋದರಮಾವ ನಿಂತಲ್ಲೇ ನಿಂತರು. ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರೆ ನಮ್ಮ ಓಣಿಯಲ್ಲಿ ಅರ್ಥ ಒಂದೇ. "ಏನವಾ? ನನ್ನ ಜೋಡಿ ಜಗಳಕ್ಕ ನಿಂತಿಯೇನು?"

ಕೈ ಅವರ ಮಾತಿಗೆ ಹೆದರಿ ಪುನಃ ತಲೆಗೆ ಓಡಿತು.

"ವಾಲ್ವ್ ಅಂತೂ ಖರೇನ ಹೋಗೇತಿ" ಎಂದರು ಇವರು.

"ಒಂದ ಸಿಲಿಂಡರಿನಾಗ ಎಷ್ಟ್ ಹೋಗ್ತಾವ್ರಿ ಮಿಸ್ತ್ರಿ?" ಎಂದ ಗಿರಾಕಿ. ಅವನ ಕೈ ಆಗಲೇ ಕಾರಿನ ಕೀಲಿಯ ಮೇಲಿತ್ತು.

ನನಗೆ ಇನ್ನೇನೂ ತೋಚಲಿಲ್ಲ. "ಅಯ್ಯಯ್ಯೋ, ಹಾಲಿಗೆ ಬೆಕ್ಕು ಬಾಯಿ ಹಾಕ್ತು, ಬನ್ರೀ!" ಎಂದು ಊರಿಗೇ ಕೇಳುವಂತೆ ಕೋಲಾರದ ದನಿಯಲ್ಲಿ ಕಿರುಚಿದೆ. ಇವರು ಒಳಗೆ ಬಂದರು, ಬಾಗಿಲು ಹಾಕಿ ವಿಷಯ ಹೇಳಿದೆ. ಹೊರಗೆ ಹೋಗಿ, "ಮತ್ತೊಮ್ಮಿ ಗಾಳಿ ಬಿಟ್ಟು ನೋಡೂಣ್ರಿ, ಸಂಶೇ ಇರಬಾರದು" ಎಂದು ಗಂಭೀರವಾಗಿ ಎರಡನೇ ಸಲ ಟೆಸ್ಟ್ ಮಾಡಿ, ರಿಂಗ್ ಅಷ್ಟೇ ಎಂದು ಹೇಳಿ ಹೇಗೋ ಗಿರಾಕಿಯನ್ನು ಉಳಿಸಿಕೊಂಡರು.

ಸೋದರಮಾವನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಚಹಾ ಮುಟ್ಟದೆ ಎದ್ದರು. ಹೋಗುವಾಗ ಇವರನ್ನು ಕರೆದು, "ನಿನ್ನ ಹೆಂಡ್ತಿ ಕೋಲಾರದಾಕಿ, ರೀತಿ ತಿಳೀದು ಅಂತ ಇಷ್ಟ್ ವರ್ಸ ಸುಮ್ಮನಿದ್ದೆ" ಎಂದರು. "ಆದ್ರ ಗೇಟಿನಿಂದ ಕುರ್ಚಿಗೆ ಬರೂದ್ರಾಗ ಒಮ್ಮಿ ಮರ್ಯಾದಿ ಕೊಟ್ಟು, ಒಮ್ಮಿ ಜಗಳಕ್ಕ ನಿಂತು, ಮತ್ತ ಮರ್ಯಾದಿ ಕೊಟ್ಲಲ್ಲೋ, ಇದು ಕೋಲಾರದಾಗರ ಐತೇನು?"

ಬಾಗಲಕೋಟೆಯಿಂದ ಬಂದ ಬೀಗ

ಇದಾದ ಮೇಲೆ ನಡೆದದ್ದು ನಿಜವಾಗಿಯೂ ಹೆದರುವಂಥದ್ದು. ಇವರು ಒಂದು ಕಾರನ್ನು ಹಿಂದಕ್ಕೆ ತೆಗೆಯುತ್ತ ರಸ್ತೆಗೆ ಬಂದರು. ಲಾರಿಯವನು ಹಾರ್ನ್ ಒತ್ತಿಕೊಂಡೇ ಬಂದು, ಗೇಣು ದೂರದಲ್ಲಿ ನಿಲ್ಲಿಸಿದ. ಕಿಟಕಿ ಮುಚ್ಚಿ ಎಂಜಿನ್ ರೇಸ್ ಮಾಡಿಕೊಂಡಿದ್ದ ಇವರಿಗೆ ಏನೂ ಕೇಳಿಸಿರಲಿಲ್ಲ. ಕೆಳಗಿಳಿದು ಲಾರಿಯವನಿಗೇ, "ಹಾರ್ನ್ ಹಾಕಾಕ ಏನಾಗೇತಲೇ ನಿನಗ?" ಎಂದು ಗದರಿಸಿದರು. ಅವನು ಬಾಯಿ ತೆರೆದುಕೊಂಡೇ ಹೋದ.

ಈ ಸುದ್ದಿ ಬಾಗಲಕೋಟೆಯ ನವನಗರದಲ್ಲಿರುವ ಮಗಳಿಗೆ ಯಾರೋ ಮುಟ್ಟಿಸಿದರು. ಅವಳ ಫೋನು ಬಂತು. "ಅವ್ವಾ, ಅಪ್ಪಗ ಕಿವಿ ಕೇಳೂದಿಲ್ಲೇನು?"

"ಕೇಳುತ್ತಲ್ಲ" ಎಂದೆ.

"ರವಿವಾರ ಬಂದು ನಾನಾ ನೋಡ್ತೇನಿ. ಕೇಳೂದಿಲ್ಲ ಅಂತಾದ್ರ ಗ್ಯಾರೇಜಿಗೆ ಬೀಗ. ನನಗ ಅಪ್ಪ ಬೇಕು, ಗ್ಯಾರೇಜ್ ಅಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬೀಗ ಹಾಕಿದರೆ ಇವರೇನಾಗುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ತನ್ನ ಸಣ್ಣ ಕಾರಿನಲ್ಲಿ ಬಂದಳು. ಚೀಲದಿಂದ ಹೊಸ ಬೀಗ ತೆಗೆದು ನಮ್ಮೆದುರಿಗೇ ಡ್ರಮ್ಮಿನ ಮೇಲಿಟ್ಟಳು. "ಅಪ್ಪಾ, ಕಾರು ಏರಿನಾಗ ಜಗ್ಗವಲ್ದು. ಇದರದು ಮೂರ ಸಿಲಿಂಡರ್. ಲೀಕ್ ಟೆಸ್ಟ್ ಮಾಡು. ಎಲ್ಲೆ ಸೋರ್ತೈತಿ ಅಂತ ನೀನ ಹೇಳಬೇಕು." ನನ್ನ ಕಡೆ ತಿರುಗಿ, "ಅವ್ವಾ, ನೀ ಒಳಗ ನಡಿ. ಚಾ ಮಾಡು. ಕಂಪ್ರೆಸರ್ ನಾ ನೋಡ್ಕೋತೇನಿ" ಎಂದಳು.

ಇವರು ನನ್ನ ಮುಖ ನೋಡಿದರು. ಸಂತೆಯಲ್ಲಿ ಕೈ ಬಿಟ್ಟುಹೋದ ಮಗುವಿನ ಮುಖವಾಗಿತ್ತು ಅದು.

ಅಲ್ಲಿದ್ದ ಹೊರಗಿನವರೆಂದರೆ ಬಾದಾಮಿಯ ಟ್ಯಾಕ್ಸಿ ಭಾಯಿ ಒಬ್ಬರೇ. ಗುಹೆ ನೋಡಲು ಬರುವವರನ್ನು ಕಾರಿನಲ್ಲಿ ತಿರುಗಿಸುವವರು, ನಮ್ಮ ಹಳೆಯ ಗಿರಾಕಿ. ಎತ್ತರದ ಆಳು, ಬಿಳಿ ಗಡ್ಡ, ಹೆಗಲ ಮೇಲೆ ಟವಲು. ತಮ್ಮ ಕಾರು ಒಯ್ಯಲು ಬಂದವರು ಹಳೇ ಟೈರಿನ ಮೇಲೆ ಸುಮ್ಮನೆ ಕೂತಿದ್ದರು.

ಒಳಗೆ ಚಹಾ ಉಕ್ಕಿ ಒಲೆ ಆರಿತು, ನನಗೆ ಅದರ ಖಬರಿರಲಿಲ್ಲ. ಹೊರಗೆ ಒಂದನೇ ಸಿಲಿಂಡರಿಗೆ ಗಾಳಿ ಬಿಟ್ಟದ್ದು ಕೇಳಿತು. ಹಿಂದೆಯೇ ಸುಸ್ಸೆಂದಿತು. ಸೈಲೆನ್ಸರ್! ಉಳಿದಷ್ಟು ಚಹಾ ಸೋಸಿಕೊಂಡು, ತಟ್ಟೆ ಹಿಡಿದು ಬಾಗಿಲಿಗೆ ಓಡಿಬಂದೆ. ಬಂದ ಮೇಲೆ ಗೊತ್ತಾಯಿತು, ಎರಡು ಕೈಯಲ್ಲೂ ತಟ್ಟೆ ಇದೆ, ಸೆರಗು ಎಳೆಯಲು ಕೈಯೇ ಇಲ್ಲ. ಮಗಳು ಅಪ್ಪನನ್ನೇ ನೋಡುತ್ತ ನಿಂತಿದ್ದಾಳೆ. ಇವರು ಕಾರಿನ ಹಿಂದೆ ಕೂತು, ತಲೆ ತಗ್ಗಿಸಿ, ಸೈಲೆನ್ಸರಿಗೆ ಕಿವಿ ಒತ್ತಿಹಿಡಿದಿದ್ದಾರೆ. ಸಪ್ಪಳ ಇವರ ಕಿವಿಗೇ ಬಡಿಯುತ್ತಿದೆ, ಒಳಗೆ ಹೋಗುತ್ತಿಲ್ಲ.

"ಅಪ್ಪಾ, ಹೇಳು" ಎಂದಳು ಮಗಳು.

"ತಡೀ... ಕೇಳಾಕತ್ತೇನಿ."

ಆಗ ಟೈರಿನ ಮೇಲಿಂದ ಭಾಯಿ ಎದ್ದರು. ನನ್ನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ಮಗಳ ಬೆನ್ನ ಹಿಂದೆ ನಿಂತು, ಹೆಗಲ ಮೇಲಿನ ಟವಲನ್ನು ಮೆಲ್ಲಗೆ ತೆಗೆದು, ಹೊಸ ಮದುಮಗಳ ಹಾಗೆ ತಲೆಯ ಮೇಲೆ ಹೊದ್ದುಕೊಂಡರು.

ನಾನು ಉಸಿರು ಬಿಡುವ ಮೊದಲೇ ಗೇಟಿನಲ್ಲಿ ಕೋಲಿನ ಸಪ್ಪಳ. ಸೋದರಮಾವ! ತಟ್ಟೆಯನ್ನು ಡ್ರಮ್ಮಿನ ಮೇಲೆ ಕುಕ್ಕಿ ಕೈ ತಲೆಗೆ ಹಾರಿತು, ಸೆರಗು ಬಂತು. ಮಗಳೂ ನನ್ನ ಅತ್ತೆಯ ಕೈಯಲ್ಲಿ ಬೆಳೆದವಳೇ. "ಅಜ್ಜಾ ಬಂದ್ರು" ಎಂದವಳೇ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು.

ಸರಿಯಾಗಿ ಆ ಹೊತ್ತಿಗೆ ಇವರು ಸೈಲೆನ್ಸರಿನಿಂದ ಮುಖ ಎತ್ತಿದರು. ಒಂದು ಸೆರಗು, ಒಂದು ದುಪಟ್ಟಾ, ಒಂದು ಟವಲು, ಮೂರೂ ತಲೆಯ ಮೇಲೆ. ಮೂರನ್ನೂ ಸರದಿಯಂತೆ ನೋಡಿದರು. ಮುಖದಲ್ಲಿ ಹೋದ ಕಳೆ ಬಂತು. ಎದ್ದು ನಿಂತು, ಕೈ ಝಾಡಿಸಿ, ಗಟ್ಟಿಯಾಗಿ ಹೇಳಿದರು:

"ಮೂರೂ ಸಿಲಿಂಡರಿನ ವಾಲ್ವ್ ಹೋಗ್ಯಾವು ಮಗಳ!"

"ಅಪ್ಪಾ, ಇನ್ನಾ ಎರಡರ ಪ್ಲಗ್ ಬಿಚ್ಚೇ ಇಲ್ಲ" ಎಂದಳು ಮಗಳು. ತನ್ನ ದುಪಟ್ಟಾ ಮುಟ್ಟಿ ನೋಡಿಕೊಂಡಳು. ನನ್ನ ಸೆರಗು ನೋಡಿದಳು. ಹಿಂದೆ ತಿರುಗಿದರೆ ಭಾಯಿ ಟವಲು ಹೊದ್ದುಕೊಂಡು ನಿಂತಿದ್ದಾರೆ.

"ಚಾಚಾ, ಇದೇನಿದು?"

"ಬಿಸಲವಾ."

"ಶೆಡ್ಡಿನಾಗ?"

ಭಾಯಿ ಟವಲು ಇಳಿಸಿ ನನ್ನ ಕಡೆ ತಿರುಗಿದರು. "ಇನ್ನ ಮುಚ್ಚೂದು ಏನೈತ್ರಿ ಅಕ್ಕಾ. ಕಮತಗಿಯಿಂದ ಬಾದಾಮಿ ತನಕಾ ಗಿರಾಕಿ ಮಂದಿಗೆಲ್ಲಾ ಗೊತ್ತೈತಿ. ಮಾಸ್ತರ್ರು ಮೊದಲನೇ ದಿನಾನ ತಿಳ್ಕೊಂಡಿದ್ರು. ನಿಮ್ಮ ಸೆರಗು ಸೊಂಟಕ್ಕ ಹೋತಂದ್ರ ಮಿಸ್ತ್ರಿ ಬಾಯಿ ತೆರೆಯೂದ್ರೊಳಗ ನಾವು ರಿಂಗ್ ತರಸಾಕ ಫೋನ್ ಹಚ್ಚಿರ್ತೇವಿ. ಆ ಸೀರಿ ಅಂಗಡ್ಯಾಂವ ದೊಡ್ಡ ಸೆರಗಿಂದು ತಗೋರಿ ಅಂದಿದ್ದು ಮತ್ಯಾಕಂತ ತಿಳಿದಿರಿ?"

ಇವರು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತುಬಿಟ್ಟರು. "ಗೊತ್ತಿದ್ದೂ ಕಾರ್ ತಂದ್ರ್ಯಾ?" ಎಂದರು. ದನಿ ಬಹಳ ಸಣ್ಣದಾಗಿತ್ತು, ಅವರಿಗೇ ಕೇಳಿಸಿತೋ ಇಲ್ಲವೋ.

"ಕೈ ನೋಡಿ ತರ್ತೇವ್ರಿ ಮಿಸ್ತ್ರಿ" ಎಂದರು ಭಾಯಿ ಗಟ್ಟಿಯಾಗಿ. "ಆದ್ರ ಮಷಿನ್ ಹಾಕ್ಕೋರಿ. ಈ ವಯಸ್ಸಿನಾಗ ನನಗ ದಿನಾ ಮದುಮಗಳಾಗಿ ನಿಲ್ಲಾಕ ಆಗೂದಿಲ್ಲ."

ಮಗಳು ಟೈರಿನ ಮೇಲೆ ಕೂತು ನಕ್ಕಳು. ನಗುತ್ತ ನಗುತ್ತ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬೀಗ ಕೈಗೆ ತೆಗೆದುಕೊಂಡು ಅಪ್ಪನ ಎದುರಿಗೆ ನಿಂತಳು. "ಕಿವ್ಯಾಗ ಮಷಿನ್ ಹಾಕ್ಕೋತಿಯೋ, ಬಾಗಿಲಿಗೆ ಬೀಗ ಹಾಕ್ಲೋ?"

ಇವರು ನನ್ನ ಕಡೆ ನೋಡಿದರು. ನಾನು ಸೆರಗಿನಿಂದ ಕೈ ಒರೆಸಿಕೊಂಡೆ. ಏನೂ ಕೆಟ್ಟಿಲ್ಲ, ಸರಿ ಇದೆ ಎಂದು ಅರ್ಥ.

"ಹಾಕ್ಕೋತೇನಿ ತಗೋ" ಎಂದರು.

ಮಗಳು ಆದರೂ ಬೀಗ ಹಾಕಿಯೇ ಹಾಕಿದಳು, ಗ್ಯಾರೇಜಿಗಲ್ಲ, ರಸ್ತೆಯ ಕಡೆಯ ಗೇಟಿಗೆ. ಇನ್ನು ಮುಂದೆ ಕಾರುಗಳೆಲ್ಲ ಪಕ್ಕದ ಓಣಿಯಿಂದ ಬರಬೇಕು, ಹೋಗಬೇಕು, ರಸ್ತೆಗೆ ಹಿಂದಕ್ಕೆ ತೆಗೆಯುವ ಮಾತೇ ಇಲ್ಲ. ಕೀಲಿಯನ್ನು ನನ್ನ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು.

ಈ ಗದ್ದಲದಲ್ಲಿ ಸೋದರಮಾವನನ್ನು ಎಲ್ಲರೂ ಮರೆತೇಬಿಟ್ಟಿದ್ದೆವು. ಅವರು ತಾವೇ ಕುರ್ಚಿ ಎಳೆದುಕೊಂಡು, ಆರಿದ ಚಹಾ ಕುಡಿದು, ಎಲ್ಲವನ್ನೂ ನೋಡುತ್ತ ಕೂತಿದ್ದರು. ತಾವು ಒಳಗೆ ಬಂದರು, ಎಲ್ಲರೂ ಮರ್ಯಾದೆ ಕೊಟ್ಟರು, ಟವಲಿನ ಗಂಡಸು ಸಹ ಕೊಟ್ಟ. ಕೊಟ್ಟ ಕೂಡಲೇ ಎಂಜಿನ್ ಕೆಟ್ಟಿತು ಎಂದು ಅಳಿಯ ಕೂಗಿದ, ಮೊಮ್ಮಗಳು ಅತ್ತಳು, ತಾವು ಬಂದ ಗೇಟಿಗೇ ಬೀಗ ಬಿತ್ತು. ರಿಂಗು, ಮಷಿನ್ ಎಂಬ ಮಾತೆಲ್ಲ ಕಿವಿಗೆ ಬಿದ್ದರೂ ತಲೆಗೆ ಹತ್ತಿರಲಿಲ್ಲ, ಅವರಿಗೆ ಕಂಡದ್ದು ಇಷ್ಟೇ.

ಕೋಲು ಊರಿ ಎದ್ದರು. ನಾನು ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳಲು ಹೋದರೆ, "ಬ್ಯಾಡವಾ, ಬ್ಯಾಡ!" ಎಂದು ಕೈಯೆತ್ತಿ ತಡೆದರು. "ಹಿರ್ಯಾಂವ ಕಾಲಿಟ್ರ ನಿಮ್ಮ ಎಂಜಿನ್ ಕೆಡ್ತಾವು ಅಂತ ಬಾಯಿಬಿಟ್ಟು ಹೇಳಬಾರದಾ? ಗೇಟಿಗೆ ಬೀಗಾ ಯಾಕ ಹಾಕಬೇಕಿತ್ತು? ನಾನಾ ಹಿತ್ತಲ ಬಾಗಲದಿಂದ ಬರ್ತಿದ್ನಲ್ಲ!"